ಬುಕಿಂಗ್‌ಗೆ ಒಟಿಪಿನೂ ಬೇಡ, ಸಿವಿವಿನೂ ಬೇಡ! ಕಾರ್ಡ್ ನನ್ನದೇ ಅಂತ ಇವರಿಗೆ ಗೊತ್ತಾಗುವುದು ಹೇಗೆ?

ಹಾದಿಹೋಕ
ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. ಹೊರದೇಶದ ಒಂದು ಹೋಟೆಲಿಗೆ ಆನ್‌ಲೈನ್‌ನಲ್ಲಿ ರೂಮ್ ಬುಕ್ ಮಾಡಿದೆ. ದುಡ್ಡು ಅಲ್ಲಿಗೆ ಹೋದ ಮೇಲೆ ಕೊಡುವ ಆಯ್ಕೆ ತಗೊಂಡಿದ್ದೆ. ಆದರೂ ಕ್ರೆಡಿಟ್ ಕಾರ್ಡ್ ಕೇಳಿತು. ನಂಬರ್, ಎಕ್ಸ್‌ಪೈರಿ, ಹೆಸರು, ಅಷ್ಟೇ. ಸಿವಿವಿ, ಅಂದರೆ ಕಾರ್ಡಿನ ಹಿಂದೆ ಇರುವ ಮೂರು ಅಂಕಿ, ಕೇಳಲಿಲ್ಲ. ಒಟಿಪಿ ಬರಲಿಲ್ಲ. ಬ್ಯಾಂಕಿನಿಂದ ಒಂದು ಮೆಸೇಜೂ ಇಲ್ಲ. ಗುಂಡಿ ಒತ್ತಿದ ತಕ್ಷಣ ರೂಮ್ ಖಚಿತ ಅಂತ ಮೇಲ್ ಬಂತು.

ಅನುಮಾನ ಬಂದು, ಕಾರ್ಡ್ ವಿವರ ಬದಲಿಸುವ ಪುಟಕ್ಕೆ ಹೋಗಿ ಹೆಸರಿನ ಜಾಗದಲ್ಲಿ ಬಾಯಿಗೆ ಬಂದದ್ದನ್ನು ಬರೆದೆ. ಅದನ್ನೂ ಒಪ್ಪಿಕೊಂಡಿತು!

ಇದಕ್ಕಿಂತ ಜಾಸ್ತಿ ದಿಗಿಲಾಗಿದ್ದು ಹೋಟೆಲಿಗೆ ಹೋದಾಗ. ಕೌಂಟರಿನಲ್ಲಿದ್ದ ಹುಡುಗ ಒಂದು ಫೈಲ್ ತೆಗೆದ. ಅದರಲ್ಲಿ ನನ್ನ ಬುಕಿಂಗ್ ಪ್ರಿಂಟ್ ಇತ್ತು, ಕಾರ್ಡಿನ ಪೂರ್ತಿ ನಂಬರ್, ಎಕ್ಸ್‌ಪೈರಿ ಸಮೇತ. ಅದರ ಕೆಳಗೆ ಇನ್ನೂ ಯಾರ್ಯಾರದೋ ಹಾಳೆಗಳು. ಬ್ಯಾಂಕಿಗೆ ಫೋನ್ ಮಾಡಿದರೆ "ಯಾವ ವ್ಯವಹಾರವೂ ಆಗಿಲ್ಲ, ಹಾಗಾಗಿ ದೂರು ತಗೊಳ್ಳೋಕೆ ಆಗಲ್ಲ" ಅಂದರು. ಪರಿಶೀಲನೆ ಅನ್ನುವುದನ್ನು ಇಲ್ಲಿ ಮಾಡುತ್ತಿರುವವರು ಯಾರು? ಯಾರಾದರೂ ಮಾಡುತ್ತಿದ್ದಾರಾ?

ಚುಟುಕು
ದುಡ್ಡು ಕಟ್ ಆಗಿದೆಯಾ? ಇಲ್ಲ ಅಂದರೆ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ.

ಹಾದಿಹೋಕ
@ಚುಟುಕು ಕಟ್ ಆದ ಮೇಲೆ ಕೆಡಿಸಿಕೊಂಡು ಏನು ಪ್ರಯೋಜನ ಹೇಳಿ? ಆ ಫೈಲಿನಿಂದ ಯಾರು ಬೇಕಾದರೂ ಒಂದು ಫೋಟೋ ತೆಗೆದುಕೊಂಡು ಹೋಗಬಹುದು.

ರಾತ್ರಿಪಾಳಿ
ನಾನು ಹೋಟೆಲ್ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವವನು. ಒಳಗಿನ ಕಥೆ ಹೇಳುತ್ತೇನೆ.

ದುಡ್ಡು ಆಮೇಲೆ ಕೊಡುವ ಬುಕಿಂಗ್‌ನಲ್ಲಿ ಸೈಟ್ ನಿಮ್ಮ ಕಾರ್ಡಿನಿಂದ ಏನೂ ತೆಗೆದುಕೊಳ್ಳುವುದಿಲ್ಲ. ಕಾರ್ಡ್ ಬರೀ ಗ್ಯಾರಂಟಿಗೆ. ನೀವು ಬರದೇ ಹೋದರೆ, ಅಥವಾ ಗಡುವು ಮುಗಿದ ಮೇಲೆ ರದ್ದು ಮಾಡಿದರೆ, ಒಂದು ರಾತ್ರಿಯ ಬಾಡಿಗೆ ವಸೂಲಿ ಮಾಡುವುದಕ್ಕೆ. ಕಾರ್ಡ್ ವಿವರ ಹೋಟೆಲಿನವರ ಲಾಗಿನ್‌ಗೆ ಬರುತ್ತದೆ. ಎಷ್ಟೋ ಕಡೆ ಇಷ್ಟು ಸಲ ಮಾತ್ರ ನೋಡಬಹುದು ಅಂತ ಮಿತಿ ಇರುತ್ತದೆ. ಆ ಮಿತಿ ಮುಗಿದರೆ ಕಷ್ಟ ಅಂತಲೇ ಕೆಲವರು ಮೊದಲ ಸಲ ನೋಡಿದಾಗಲೇ ಪ್ರಿಂಟ್ ಹೊಡೆದು ಇಟ್ಟುಕೊಳ್ಳುತ್ತಾರೆ. ತಪ್ಪು, ಆದರೆ ನಡೆಯುತ್ತದೆ. ಕಾಪಾಡುವುದಕ್ಕೆ ಅಂತ ಹಾಕಿದ ಮಿತಿಯಿಂದಲೇ ನಂಬರ್ ಕಾಗದಕ್ಕೆ ಇಳಿಯಿತು ನೋಡಿ!

ಇನ್ನು ಆ ಕಾರ್ಡ್ ಅಸಲಿಯಾ ಅಂತ ನಮಗೂ ಗೊತ್ತಿರುವುದಿಲ್ಲ. ಮಷಿನ್‌ನಲ್ಲಿ ಕೈಯಿಂದ ನಂಬರ್ ಒತ್ತಿ ನೋಡಿದಾಗಲೇ ಗೊತ್ತಾಗುವುದು. ಗಿರಾಕಿ ಬಂದಿಲ್ಲ ಅಂತ ಒತ್ತಿದರೆ ಎಷ್ಟೋ ಸಲ "ಅಮಾನ್ಯ ಕಾರ್ಡ್" ಅಂತ ಬರುತ್ತದೆ. ಸುಮ್ನೆ ಯಾವುದೋ ನಂಬರ್ ಹಾಕಿರುತ್ತಾರೆ. ರೂಮ್ ಖಾಲಿ ಬಿದ್ದಿದ್ದು ನಮ್ಮ ಪಾಲಿಗೆ.

ಮಳೆಬಿಲ್ಲು
ಯಾವುದೋ ನಂಬರ್ ಅಂದರೆ? ಹದಿನಾರು ಅಂಕಿ ಮನಸ್ಸಿಗೆ ಬಂದ ಹಾಗೆ ಹಾಕಿದರೆ ತಗೊಂಡುಬಿಡುತ್ತಾ? ನಾನು ಒಂದು ಅಂಕಿ ತಪ್ಪು ಹಾಕಿದಾಗಲೆಲ್ಲ ಕೆಂಪು ಅಕ್ಷರದಲ್ಲಿ ಬೈಯುತ್ತದಲ್ಲ.

ಸೊನ್ನೆಒಂದು
@ಮಳೆಬಿಲ್ಲು ಮೇಡಂ, ಆ ಕೆಂಪು ಅಕ್ಷರಕ್ಕೂ ನಿಮ್ಮ ಬ್ಯಾಂಕಿಗೂ ಸಂಬಂಧ ಇಲ್ಲ. ಅದು ಲೂನ್ ಲೆಕ್ಕ. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದ ಉಪಾಯ, ಪೇಟೆಂಟ್ ಸಿಕ್ಕಿದ್ದು 1960ರಲ್ಲಿ. ಬಲಗಡೆಯಿಂದ ಎಣಿಸುತ್ತಾ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಬೇಕು. ಎರಡಂಕಿ ಬಂದರೆ ಆ ಎರಡನ್ನೂ ಕೂಡಿಸಬೇಕು. ಕೊನೆಗೆ ಎಲ್ಲವನ್ನೂ ಕೂಡಿಸಿದರೆ ಮೊತ್ತ 10ರಿಂದ ಭಾಗ ಆಗಬೇಕು. ಅಷ್ಟೇ. ಕೈತಪ್ಪಿ ಒಂದು ಅಂಕಿ ಬದಲಾದರೆ ಅದು ಖಂಡಿತ ಹಿಡಿಯುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೂ ಹಿಡಿಯುತ್ತದೆ, 09 ಮತ್ತು 90 ಬಿಟ್ಟು.

ಇದು ಟೈಪಿಂಗ್ ತಪ್ಪು ಹುಡುಕುವುದಕ್ಕೆ ಹುಟ್ಟಿದ್ದು, ಕಳ್ಳನನ್ನು ಹಿಡಿಯುವುದಕ್ಕಲ್ಲ. ಮೊದಲ 15 ಅಂಕಿ ನೀವು ಏನು ಬೇಕಾದರೂ ಬರೆಯಿರಿ, 16ನೆಯದನ್ನು ಯಾವ ಹೈಸ್ಕೂಲ್ ಹುಡುಗನಾದರೂ ಲೆಕ್ಕ ಹಾಕಿ ಕೊಡುತ್ತಾನೆ. ಬುಕಿಂಗ್ ಸೈಟ್ ಬ್ಯಾಂಕನ್ನು ಕೇಳದೆ ಇಷ್ಟರಲ್ಲೇ ನಿಲ್ಲಿಸಿದರೆ, ಹುಟ್ಟೇ ಇರದ ಕಾರ್ಡಿಗೂ ರೂಮ್ ಸಿಗುತ್ತದೆ.

ಬ್ಯಾಂಕನ್ನು ಕೇಳುವ ದಾರಿ ಇಲ್ಲ ಅಂತಲ್ಲ. ಸೊನ್ನೆ ಮೊತ್ತದ ವಿಚಾರಣೆ ಕಳಿಸಬಹುದು. ದುಡ್ಡು ಹೋಗುವುದಿಲ್ಲ, ಹೋಲ್ಡೂ (ಮೊತ್ತವನ್ನು ತಡೆದಿಡುವುದು) ಆಗುವುದಿಲ್ಲ, ಈ ಕಾರ್ಡ್ ಜೀವಂತ ಇದೆಯಾ ಅನ್ನುವುದಕ್ಕೆ ಉತ್ತರ ಮಾತ್ರ ಬರುತ್ತದೆ. ಕೆಲವರು ಮಾಡುತ್ತಾರೆ, ಕೆಲವರು ಮಾಡುವುದಿಲ್ಲ.

ತಗಾದೆರಾಯ
ಅದೆಲ್ಲ ಇರಲಿ. ಸಿವಿವಿ ಯಾಕೆ ಕೇಳಲಿಲ್ಲ? ಅದನ್ನು ಕೇಳದ ಸೈಟಿಗೆ ಕಾರ್ಡ್ ಕೊಡುವವರಿಗೆ ಬುದ್ಧಿ ಬೇಡವಾ?

ಪುಸ್ತಕದಹುಳ
@ತಗಾದೆರಾಯ ಸಿವಿವಿಯನ್ನು ಇಟ್ಟುಕೊಳ್ಳುವುದಕ್ಕೆ ಯಾರಿಗೂ ಅನುಮತಿ ಇಲ್ಲ ಸ್ವಾಮಿ. ಕಾರ್ಡ್ ವಿವರ ಕಾಪಾಡುವುದಕ್ಕೆ ಪಿಸಿಐ ಡಿಎಸ್ಎಸ್ ಅಂತ ಒಂದು ನಿಯಮಾವಳಿ ಇದೆ. ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜೆಸಿಬಿ ಅನ್ನುವ ಕಾರ್ಡ್ ಕಂಪನಿಗಳು ಸೇರಿ ಮಾಡಿದ್ದು, 2004ರಿಂದ ಇದೆ. ಅದರ ಪ್ರಕಾರ ಸಿವಿವಿಯನ್ನು ಗೂಢಲಿಪಿಯಲ್ಲಿ ಕೂಡ ಇಟ್ಟುಕೊಳ್ಳುವಂತಿಲ್ಲ. ನಂಬರನ್ನು ಇಡಬಹುದು, ಭದ್ರವಾಗಿ. ಹೋಟೆಲಿನವರು ಚಾರ್ಜ್ ಮಾಡುವುದು ವಾರಗಳ ನಂತರ, ಅಲ್ಲಿಯವರೆಗೆ ಸಿವಿವಿ ಇಡುವಂತಿಲ್ಲ, ಹಾಗಾಗಿ ಕೇಳುವುದೇ ಇಲ್ಲ.

ಸೊನ್ನೆಒಂದು
ಒಂದು ತಿದ್ದುಪಡಿ. ನಿಯಮ ಹೇಳುವುದು ಬ್ಯಾಂಕ್ ಒಪ್ಪಿಗೆ ಬಂದ *ಮೇಲೆ* ಇಟ್ಟುಕೊಳ್ಳಬಾರದು ಅಂತ. ಒಪ್ಪಿಗೆ ಕೇಳುವ ಮೊದಲು ಭದ್ರವಾಗಿ ಇಟ್ಟುಕೊಳ್ಳಬಹುದು. ಕೆಲವು ಸೈಟ್‌ಗಳು ಸಿವಿವಿ ಕೇಳಿ ಹೋಟೆಲಿಗೆ ತೋರಿಸುವುದು ಈ ಸಂದಿಯಲ್ಲೇ.

ಪುಸ್ತಕದಹುಳ
ಒಪ್ಪಿದೆ. ಆದರೆ ಆ ಸಂದಿಯಲ್ಲಿ ಸಿವಿವಿ ಹೋಟೆಲಿನ ಪ್ರಿಂಟರ್‌ಗೂ ಹೋಗಿಬಿಟ್ಟರೆ? ಮೂರು ಅಂಕಿಯ ಗುಟ್ಟು ಅನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಕೇಳದೇ ಇರುವುದೇ ವಾಸಿ ಅನ್ನಿಸುತ್ತದೆ ನನಗೆ.

ತಗಾದೆರಾಯ
ಕೇಳಿದರೂ ಅಪಾಯ, ಕೇಳದಿದ್ದರೂ ಅಪಾಯ. ಚೆನ್ನಾಗಿದೆ ನಿಮ್ಮ ವಾದ.

ಕಡತ
ಮೂರು ಅಂಕಿಯ ಗುಟ್ಟು ಎಷ್ಟು ಗಟ್ಟಿ ಅಂತ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು 2016ರಲ್ಲೇ ತೋರಿಸಿದ್ದಾರೆ. ಒಂದೇ ಸೈಟಿನಲ್ಲಿ ಸಿವಿವಿ ಊಹಿಸುತ್ತಾ ಕೂತರೆ ಕೆಲವು ಪ್ರಯತ್ನದಲ್ಲೇ ಅದು ನಿಮ್ಮನ್ನು ಹೊರಗೆ ಹಾಕುತ್ತದೆ. ಆದರೆ ನೂರಾರು ಸೈಟುಗಳಿಗೆ ಹಂಚಿ ಊಹಿಸಿದರೆ? ಎಕ್ಸ್‌ಪೈರಿಗೆ ಹೆಚ್ಚೆಂದರೆ 60 ತಿಂಗಳು, ಅಂದರೆ 60 ಊಹೆ. ಸಿವಿವಿಗೆ 1000. ಎರಡನ್ನೂ ಒಟ್ಟಿಗೆ ಊಹಿಸಬೇಕಾಗಿದ್ದರೆ 60 ಸಾವಿರ ಆಗುತ್ತಿತ್ತು. ಆದರೆ ಒಂದು ಸೈಟ್ ಬರೀ ನಂಬರ್ ಮತ್ತು ಎಕ್ಸ್‌ಪೈರಿ ಕೇಳುತ್ತದೆ, ಇನ್ನೊಂದು ಸಿವಿವಿಯನ್ನೂ ಕೇಳುತ್ತದೆ. ಮೊದಲನೆಯದರಲ್ಲಿ ಎಕ್ಸ್‌ಪೈರಿ ಸರಿಯಾ ಅಂತ ಖಚಿತ ಮಾಡಿಕೊಂಡು ಎರಡನೆಯದಕ್ಕೆ ಹೋದರೆ ಕೆಲಸ 1060 ಪ್ರಯತ್ನಕ್ಕೆ ಇಳಿಯಿತು. ಯಂತ್ರಕ್ಕೆ ಅದು ಕೆಲವೇ ಸೆಕೆಂಡಿನ ಕೆಲಸ.

ಗಮ್ಮತ್ತಿನ ವಿಷಯ ಏನು ಅಂದರೆ, ಆಗ ಮಾಸ್ಟರ್‌ಕಾರ್ಡ್ ಜಾಲ ಬೇರೆ ಬೇರೆ ಸೈಟಿನಿಂದ ಬಂದ ಊಹೆಗಳನ್ನೂ ಒಟ್ಟು ಸೇರಿಸಿ ನೋಡಿ ಹತ್ತು ಪ್ರಯತ್ನದೊಳಗೆ ಹಿಡಿದಿತ್ತು. ವೀಸಾ ಜಾಲದಲ್ಲಿ ಹಿಡಿಯಲಿಲ್ಲ.

ಹಾಗಾಗಿ ಹಾದಿಹೋಕರೇ, ಕಡಿಮೆ ವಿವರ ಕೇಳುವ ಒಂದು ಸೈಟ್ ಅದರ ಗಿರಾಕಿಗಳಿಗೆ ಮಾತ್ರ ಅಪಾಯ ಅಲ್ಲ. ನೀವು ಜನ್ಮದಲ್ಲಿ ಕಾಲಿಡದ ಸೈಟಿನಲ್ಲಿ ಕೂತು ನಿಮ್ಮ ಕಾರ್ಡಿನ ಎಕ್ಸ್‌ಪೈರಿ ಕಂಡುಹಿಡಿಯಬಹುದು.

ಹಾದಿಹೋಕ
@ಕಡತ ಇದನ್ನು ಓದಿದ ಮೇಲೆ ನಿದ್ದೆ ಬಂದ ಹಾಗೇ ಇದೆ.

ಮಳೆಬಿಲ್ಲು
ಹೆಸರಿನ ಕಥೆ ಯಾರೂ ಹೇಳಲಿಲ್ಲ. ಕಾರ್ಡಿನ ಮೇಲೆ ಅಷ್ಟು ದೊಡ್ಡದಾಗಿ ಅಚ್ಚು ಹಾಕಿ, ಫಾರ್ಮಿನಲ್ಲಿ "ಕಾರ್ಡಿನಲ್ಲಿ ಇರುವ ಹಾಗೇ ಬರೆಯಿರಿ" ಅಂತ ಬೇರೆ ಹೇಳುತ್ತಾರಲ್ಲ?

ಸೊನ್ನೆಒಂದು
ಬಹುತೇಕ ವ್ಯವಹಾರಗಳಲ್ಲಿ ಆ ಹೆಸರನ್ನು ಬ್ಯಾಂಕ್ ತಾಳೆ ನೋಡುವುದೇ ಇಲ್ಲ. ನಂಬರ್, ಎಕ್ಸ್‌ಪೈರಿ, ಕೊಟ್ಟಿದ್ದರೆ ಸಿವಿವಿ, ಇಷ್ಟೇ. ಹೆಸರು ಆಮೇಲೆ ತಕರಾರು ಬಂದಾಗ ತೋರಿಸುವುದಕ್ಕೆ ದಾಖಲೆ ಅನ್ನಬಹುದು. ವಿಳಾಸ ತಾಳೆ ನೋಡುವ ಏವಿಎಸ್ ಅಂತ ಒಂದಿದೆ, ಮುಖ್ಯವಾಗಿ ಅಮೆರಿಕ, ಕೆನಡಾ, ಬ್ರಿಟನ್ ಕಾರ್ಡುಗಳಿಗೆ. ಅದೂ ನೋಡುವುದು ಹೆಚ್ಚಾಗಿ ಮನೆ ನಂಬರ್ ಮತ್ತು ಪಿನ್‌ಕೋಡಿನ ಅಂಕಿಗಳನ್ನು. ಬೀದಿ ಹೆಸರು ಏನು ಬರೆದರೂ ನಡೆಯುತ್ತದೆ.

ಚುಟುಕು
ನನ್ನ ಹೆಸರನ್ನು ಬ್ಯಾಂಕಿನವರೇ ತಪ್ಪು ಅಚ್ಚು ಹಾಕಿದ್ದಾರೆ. ತಾಳೆ ನೋಡದಿರುವುದೇ ಒಳ್ಳೆಯದು ಬಿಡಿ 😄

ನಂಬಿಕಸ್ಥ
ಇಷ್ಟು ಗಾಬರಿ ಬೇಡ ಅನ್ನಿಸುತ್ತದೆ. ಭಾರತದ ಕಾರ್ಡುಗಳಿಗೆ 2009ರ ಆಗಸ್ಟ್‌ನಿಂದಲೇ ಆನ್‌ಲೈನ್‌ನಲ್ಲಿ ಎರಡನೇ ಹಂತದ ದೃಢೀಕರಣ ಕಡ್ಡಾಯ, ರಿಸರ್ವ್ ಬ್ಯಾಂಕ್ ನಿಯಮ. ಯುರೋಪಿನಲ್ಲೂ 2019ರ ಸೆಪ್ಟೆಂಬರ್ 14ರಿಂದ ಅಂಥದ್ದೇ ನಿಯಮ ಬಂದಿದೆ. ಒಟಿಪಿ ಇಲ್ಲದೆ ದುಡ್ಡು ಹೋಗುವ ಕಾಲ ಮುಗಿಯಿತು.

ಕಡತ
@ನಂಬಿಕಸ್ಥ ಸರ್, ನಿಮ್ಮ ಬ್ಯಾಂಕ್ ಒಟಿಪಿ ಕಳಿಸಬೇಕು ಅಂದರೆ ಮೊದಲು ವ್ಯಾಪಾರಿಯ ಕಡೆಯಿಂದ ಕೇಳಬೇಕು. ನೀವು ಹೇಳಿದ 2009ರ ನಿಯಮ ದೇಶದ ಒಳಗಿನ ವ್ಯಾಪಾರಿಗಳಿಗೆ. ಹೊರದೇಶದ ಸೈಟ್ ಕೇಳದೇ ಕಳಿಸಿದರೆ, ಕಾರ್ಡ್ ಹೊರದೇಶಕ್ಕೆ ತೆರೆದಿದ್ದರೆ, ಬರೀ ನಂಬರಿಗೆ ದುಡ್ಡು ಹೋದದ್ದು ಎಷ್ಟೋ ಇದೆ.

ಯುರೋಪಿನ ನಿಯಮದಲ್ಲೂ ಕಿಂಡಿಗಳಿವೆ. 30 ಯೂರೋ ಒಳಗಿನ ಸಣ್ಣ ಮೊತ್ತಕ್ಕೆ ವಿನಾಯಿತಿ ಕೊಡಬಹುದು. ಫೋನಿನಲ್ಲಿ, ಪತ್ರದಲ್ಲಿ ನಂಬರ್ ಪಡೆದು ವ್ಯಾಪಾರಿ ತಾನೇ ಒತ್ತುವ ವ್ಯವಹಾರ ಆ ನಿಯಮದ ಕೆಳಗೆ ಬರುವುದೇ ಇಲ್ಲ. ಈಗ ರಾತ್ರಿಪಾಳಿಯವರು ಮೇಲೆ ಹೇಳಿದ್ದು ಓದಿ. ಮಷಿನ್‌ನಲ್ಲಿ ಕೈಯಿಂದ ನಂಬರ್ ಒತ್ತುತ್ತೇವೆ ಅಂದರಲ್ಲ? ಅದು ಆ ಲೆಕ್ಕಕ್ಕೇ ಹೋಗುತ್ತದೆ. ಗಿರಾಕಿ ಬುಕ್ ಮಾಡಿದ್ದು ಇಂಟರ್‌ನೆಟ್‌ನಲ್ಲಿ, ಬ್ಯಾಂಕಿಗೆ ಕಾಣಿಸುವುದು ಫೋನ್ ಆರ್ಡರ್.

ರಾತ್ರಿಪಾಳಿ
ಹೌದು, ನಮ್ಮ ಮಷಿನ್‌ನಲ್ಲಿ ಆ ಮೆನುವಿಗೆ ಫೋನಿನ ಚಿತ್ರವೇ ಇದೆ. ಅದರ ಅರ್ಥ ಇದು ಅಂತ ಇವತ್ತು ಗೊತ್ತಾಯಿತು.

ಕೀಲಿಕೈ
ನನ್ನದು ಸಣ್ಣ ವಸತಿಗೃಹ. ಎಲ್ಲರೂ ಗಿರಾಕಿಯ ಕಷ್ಟ ಹೇಳುತ್ತಿದ್ದೀರಿ, ನಮ್ಮದನ್ನೂ ಕೇಳಿ.

ಒಬ್ಬ ಬುಕ್ ಮಾಡಿದ, ಬಂದ, ಉಳಿದ, ಚೆನ್ನಾಗಿ ನಕ್ಕುಕೊಂಡು ಹೋದ. ಬುಕಿಂಗ್‌ನಲ್ಲಿ ಬಂದ ಕಾರ್ಡಿಗೇ ಚಾರ್ಜ್ ಮಾಡಿದೆ, ದುಡ್ಡು ಬಂತು. ತಿಂಗಳುಗಳ ನಂತರ ಬ್ಯಾಂಕಿನಿಂದ ಪತ್ರ. ಕಾರ್ಡಿನ ನಿಜವಾದ ಒಡೆಯ "ಇದು ನಾನಲ್ಲ" ಅಂದಿದ್ದಾನೆ. ಪೂರ್ತಿ ಮೊತ್ತ ನನ್ನ ಖಾತೆಯಿಂದ ವಾಪಸ್, ಮೇಲೆ ದಂಡದ ಹಾಗೆ ಒಂದು ಶುಲ್ಕ. ರೂಮ್ ಕೊಟ್ಟಿದ್ದೇನೆ, ಬಿಲ್ ಇದೆ, ಸಹಿ ಇದೆ ಅಂತ ಎಲ್ಲ ಕಳಿಸಿದೆ. ಕೈಯಿಂದ ಒತ್ತಿದ ವ್ಯವಹಾರ, ನಿಮ್ಮದೇ ಹೊಣೆ ಅಂದರು. ಬುಕಿಂಗ್ ಸೈಟಿನವರನ್ನು ಕೇಳಿದರೆ "ಕಾರ್ಡ್ ಪರಿಶೀಲನೆ ಹೋಟೆಲಿನ ಜವಾಬ್ದಾರಿ, ಒಪ್ಪಂದದಲ್ಲಿದೆ ನೋಡಿ" ಅಂದರು. ಸೈಟಿಗೆ ಕಮಿಷನ್ ಹೋಯಿತು, ಗಿರಾಕಿಗೆ ದುಡ್ಡು ವಾಪಸ್ ಹೋಯಿತು, ಬ್ಯಾಂಕಿಗೆ ಶುಲ್ಕ ಹೋಯಿತು. ಎಲ್ಲರ ಕೈ ತೊಳೆದ ನೀರು ನನ್ನ ತಲೆ ಮೇಲೆ.

ತಗಾದೆರಾಯ
ಗಿರಾಕಿ ಬಂದಾಗ ಕಾರ್ಡ್ ತೋರಿಸಿ ಅಂತ ಕೇಳಬೇಕಿತ್ತು ನೀವು. ಚಿಪ್ ಹಾಕಿ ಪಿನ್ ಒತ್ತಿಸಿದ್ದರೆ ಮುಗೀತಿತ್ತು.

ಕೀಲಿಕೈ
@ತಗಾದೆರಾಯ ಈಗ ಎಲ್ಲರನ್ನೂ ಕೇಳುತ್ತೇನೆ. ಕೇಳಿದರೆ ಏನಾಗುತ್ತದೆ ಗೊತ್ತಾ? "ಬುಕ್ ಮಾಡುವಾಗಲೇ ಕಾರ್ಡ್ ಕೊಟ್ಟಿದ್ದೇನೆ, ಮತ್ತೆ ಯಾಕೆ" ಅಂತ ಜಗಳ. ಒಂದು ನಕ್ಷತ್ರದ ರಿವ್ಯೂ.

ಲೆಕ್ಕಿಗ
ನಾನು ಬ್ಯಾಂಕಿನ ತಕರಾರು ವಿಭಾಗದಲ್ಲಿ ಕೆಲಸ ಮಾಡಿದವಳು. ಯಾವ ಬ್ಯಾಂಕ್ ಅಂತ ಕೇಳಬೇಡಿ. @ಕೀಲಿಕೈ ಸರ್, ನಿಮ್ಮ ಸಂಕಟ ನಿಜ, ಆದರೆ ಅದು ಯಾರದೋ ದುರಾಸೆಯಿಂದ ಆದದ್ದಲ್ಲ, ಹೊಣೆ ಹಂಚುವ ನಿಯಮದಿಂದ ಆದದ್ದು.

ಕಾರ್ಡ್ ಎದುರಿಗೆ ಇಲ್ಲದ ವ್ಯವಹಾರದಲ್ಲಿ ಒಡೆಯ "ನಾನಲ್ಲ" ಅಂದರೆ ನಷ್ಟ ವ್ಯಾಪಾರಿಯದ್ದು. ಅದೇ ವ್ಯಾಪಾರಿ 3-ಡಿ ಸೆಕ್ಯೂರ್ ಮೂಲಕ, ಅಂದರೆ ಬ್ಯಾಂಕಿನ ಪುಟಕ್ಕೋ ಆ್ಯಪಿಗೋ ಕಳಿಸಿ ದೃಢೀಕರಣ ಮಾಡಿಸಿದ್ದರೆ, ನಷ್ಟ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದ್ದಾಗುತ್ತದೆ. ಯಾರು ಬಲವಾಗಿ ಪರಿಶೀಲಿಸುತ್ತಾರೆ, ಯಾರು ಸಡಿಲ ಬಿಡುತ್ತಾರೆ ಅನ್ನುವುದು ಈ ಒಂದು ಗೆರೆಯ ಮೇಲೆ ನಿಂತಿದೆ. ಬುಕಿಂಗ್ ಸೈಟ್ ದುಡ್ಡನ್ನು ತಾನೇ ವಸೂಲಿ ಮಾಡುವಾಗ ಎಷ್ಟು ಬಿಗಿ ಇರುತ್ತದೆ, ಹೋಟೆಲ್ ವಸೂಲಿ ಮಾಡುವಾಗ ಎಷ್ಟು ಸಡಿಲ ಇರುತ್ತದೆ ಹೋಲಿಸಿ ನೋಡಿ. ಸೈಟ್ ಒಂದೇ, ಕಾರ್ಡೂ ಒಂದೇ!

ಇನ್ನೊಂದು ಮಾತು. "ನಾನಲ್ಲ" ಅಂದವರೆಲ್ಲ ಸಾಚಾ ಅಲ್ಲ. ತಾವೇ ಹೋಗಿ ಉಳಿದು ಬಂದು ತಕರಾರು ಹಾಕುವವರನ್ನು ದಿನಾ ನೋಡಿದ್ದೇನೆ. ವೀಸಾದಲ್ಲಿ ಇಂಥ ತಕರಾರಿಗೆ ಸಾಮಾನ್ಯವಾಗಿ 120 ದಿನದ ಕಾಲಾವಕಾಶ. ಅಷ್ಟರಲ್ಲಿ ಹೋಟೆಲಿನ ಕ್ಯಾಮೆರಾ ದಾಖಲೆ ಎಲ್ಲ ಅಳಿಸಿಹೋಗಿರುತ್ತದೆ.

ನಂಬಿಕಸ್ಥ
ಹಾಗಾದರೆ ಎಲ್ಲ ಬುಕಿಂಗ್‌ಗೂ 3-ಡಿ ಸೆಕ್ಯೂರ್ ಹಾಕಿಬಿಟ್ಟರೆ ಮುಗಿಯಿತಲ್ಲ? 2001ರ ಸುಮಾರಿನಿಂದ ಇರುವ ತಂತ್ರ.

ಕೀಲಿಕೈ
ನನ್ನ ಸ್ವಂತ ಸೈಟಿನಲ್ಲಿ ಹಾಕಿದೆ. ಅರ್ಧ ದಾರಿಯಲ್ಲಿ ಬಿಟ್ಟು ಹೋಗುವವರು ಜಾಸ್ತಿ ಆದರು. ಹೋದವರು ಪಕ್ಕದವನ ಹೋಟೆಲಿನಲ್ಲಿ ಬುಕ್ ಮಾಡುತ್ತಾರೆ, ಅಲ್ಲಿ ಏನೂ ಕೇಳುವುದಿಲ್ಲವಲ್ಲ.

ಸೊನ್ನೆಒಂದು
@ನಂಬಿಕಸ್ಥ 2001ರದ್ದು ಹಳೆಯ ಆವೃತ್ತಿ, ಪಾಪ್‌ಅಪ್ ಕಿಟಕಿ, ಪಾಸ್‌ವರ್ಡ್, ಮೊಬೈಲಿನಲ್ಲಿ ತೆರೆಯುತ್ತಲೇ ಇರಲಿಲ್ಲ. 2016ರಲ್ಲಿ ಎರಡನೇ ಆವೃತ್ತಿ ಬಂತು. ಈಗ ಫೋನ್ ಯಾವುದು, ಎಲ್ಲಿಂದ ಬಂದಿದೆ, ಮೊತ್ತ ಎಷ್ಟು ಅಂತೆಲ್ಲ ಬ್ಯಾಂಕಿಗೆ ಹಿಂದಿನಿಂದಲೇ ಹೋಗುತ್ತದೆ. ಅನುಮಾನ ಬಂದರೆ ಮಾತ್ರ ಒಟಿಪಿ ಅಥವಾ ಬೆರಳಚ್ಚು ಕೇಳಬಹುದು.

ಇಷ್ಟಾದರೂ ಹೋಟೆಲ್ ಬುಕಿಂಗ್‌ನಲ್ಲಿ ಯಾಕೆ ಹತ್ತುತ್ತಿಲ್ಲ ಅಂದರೆ, ಬುಕ್ ಮಾಡುವ ಜಾಗ ಮತ್ತು ದುಡ್ಡು ಎಳೆಯುವ ಜಾಗ ಬೇರೆ ಬೇರೆ. ಈ ಎರಡು ಜಾಗಗಳ ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸವನ್ನೇ ನಾನು ಕೆಲವು ಕಾಲ ಮಾಡಿದ್ದೇನೆ. ಗಿರಾಕಿ ಸೈಟಿನಲ್ಲಿ ದೃಢೀಕರಣ ಮಾಡಿದ ಅಂದುಕೊಳ್ಳಿ. ಅದಕ್ಕೆ ಒಂದು ಪುರಾವೆ ಸಂಖ್ಯೆ ಹುಟ್ಟುತ್ತದೆ. ಆಮೇಲೆ ಹೋಟೆಲ್ ಚಾರ್ಜ್ ಮಾಡುವಾಗ ಆ ಪುರಾವೆಯನ್ನು ಜೊತೆಗೆ ಕಳಿಸಿದರೆ, ಗಿರಾಕಿ ಮೊದಲೇ ಒಪ್ಪಿದ್ದಾನೆ ಅಂತ ಬ್ಯಾಂಕಿಗೆ ಗೊತ್ತಾಗುತ್ತದೆ. ನಿಯಮದಲ್ಲಿ ಇದಕ್ಕೆ ಜಾಗ ಇದೆ. ಆದರೆ ಸೈಟಿನಿಂದ ಚಾನೆಲ್ ಮ್ಯಾನೇಜರ್ ಅನ್ನುವ ಮಧ್ಯದ ಸಾಫ್ಟ್‌ವೇರ್‌ಗೆ, ಅಲ್ಲಿಂದ ಹೋಟೆಲಿನ ಸಾಫ್ಟ್‌ವೇರ್‌ಗೆ, ಅಲ್ಲಿಂದ ಕೌಂಟರಿನ ಮಷಿನ್‌ಗೆ ಹೋಗಬೇಕು. ಇದರಲ್ಲಿ ಒಂದು ಕಡೆ ಆ ಸಂಖ್ಯೆಗೆ ಜಾಗ ಇಲ್ಲದಿದ್ದರೂ ಅದು ಅಲ್ಲೇ ಬಿದ್ದುಹೋಗುತ್ತದೆ. ಕಾರ್ಡ್ ನಂಬರ್ ಮಾತ್ರ ಎಲ್ಲ ದಾಟಿ ಕೊನೆಯವರೆಗೂ ಹೋಗುತ್ತದೆ, ಕಾಗದದವರೆಗೂ. ಹೋಗಬೇಕಾದದ್ದು ಪುರಾವೆ, ಉಳಿಯಬೇಕಾದದ್ದು ನಂಬರ್. ಆಗುತ್ತಿರುವುದು ಉಲ್ಟಾ.

ಹಾದಿಹೋಕ
ಇದು ನನಗೆ ಬೇಕಾಗಿದ್ದ ಉತ್ತರ. ಅಂದರೆ ತಂತ್ರಜ್ಞಾನ ಇಲ್ಲ ಅಂತಲ್ಲ.

ಸೊನ್ನೆಒಂದು
ಇಲ್ಲವೇ ಇಲ್ಲ. ಮಧ್ಯದಲ್ಲಿ ಇರುವವರಿಗೆ ಖರ್ಚು ಮಾಡುವ ದರ್ದು ಇಲ್ಲ, ಯಾಕೆಂದರೆ ನಷ್ಟ ಅವರದ್ದಲ್ಲ. ಲೆಕ್ಕಿಗ ಅವರು ಹೇಳಿದ ಗೆರೆ ಅದೇ.

ಬಿಸಿಲುಕುದುರೆ
ವಿಮಾನದ ಟಿಕೆಟಿನಲ್ಲಿ ಉಲ್ಟಾ ಅನುಭವ ನನ್ನದು. ಅಮ್ಮನಿಗೆ ನನ್ನ ಕಾರ್ಡಿನಿಂದ ಟಿಕೆಟ್ ತೆಗೆದೆ, ಒಟಿಪಿ ಎಲ್ಲ ಹಾಕಿಯೇ. ನಾನು ಅವರ ಜೊತೆ ಹೋಗುತ್ತಿರಲಿಲ್ಲ. ಕೌಂಟರಿನಲ್ಲಿ ಅಮ್ಮನನ್ನು ನಿಲ್ಲಿಸಿ "ಟಿಕೆಟ್ ತೆಗೆದ ಕಾರ್ಡ್ ತೋರಿಸಿ" ಅಂದರಂತೆ. ಕಾರ್ಡ್ ನನ್ನ ಪರ್ಸಿನಲ್ಲಿದೆ, ನಾನು ಇನ್ನೊಂದು ಊರಲ್ಲಿದ್ದೇನೆ. ಅವರಿಗೆ ಭಾಷೆ ಬೇರೆ ಬರಲ್ಲ. ಕೊನೆಗೆ ಕಾರ್ಡಿನ ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದು ಮುಚ್ಚಿ ಫೋಟೋ ಕಳಿಸಿದ ಮೇಲೆ ಬಿಟ್ಟರು. ಪರಿಶೀಲನೆ ಬಿಗಿ ಮಾಡಿ ಅನ್ನುವವರು ಇದನ್ನೂ ಯೋಚನೆ ಮಾಡಿ. ಬಿಗಿ ಮಾಡಿದಾಗ ಸಿಕ್ಕಿಬೀಳುವುದು ವಯಸ್ಸಾದವರು.

ಕಡತ
ನಿಮ್ಮ ಅಮ್ಮನಿಗೆ ಆದದ್ದು ಬೇಸರದ ವಿಷಯ. ಆದರೆ ಏರ್‌ಲೈನಿನವರಿಗೂ ಕಾರಣ ಇದೆ. ಕದ್ದ ಕಾರ್ಡಿನಿಂದ ಟಿಕೆಟ್ ತೆಗೆಯುವವರು ಹೆಚ್ಚಾಗಿ ಬೇರೆಯವರ ಹೆಸರಿಗೆ, ಹೊರಡುವ ಸ್ವಲ್ಪ ಮೊದಲು ತೆಗೆಯುತ್ತಾರೆ. ಒಡೆಯನಿಗೆ ಗೊತ್ತಾಗುವಷ್ಟರಲ್ಲಿ ವಿಮಾನ ಇಳಿದಿರುತ್ತದೆ. ಯುರೋಪಿನ ದೇಶಗಳ ಪೊಲೀಸ್ ಸಹಕಾರ ಸಂಸ್ಥೆ ಯುರೋಪೋಲ್ ಇದಕ್ಕೆಂದೇ ಏರ್‌ಲೈನ್‌ಗಳು, ಕಾರ್ಡ್ ಕಂಪನಿಗಳು, ಹಲವು ದೇಶದ ಪೊಲೀಸರನ್ನು ಸೇರಿಸಿ ವಿಮಾನ ನಿಲ್ದಾಣಗಳಲ್ಲಿ ಜಂಟಿ ಕಾರ್ಯಾಚರಣೆಗಳನ್ನು ಮಾಡಿದೆ. ಸಿಕ್ಕವರಲ್ಲಿ ಎಲ್ಲರೂ ಕಳ್ಳರಲ್ಲ. ಅಗ್ಗದ ಟಿಕೆಟ್ ಕೊಡಿಸುತ್ತೇನೆ ಅಂದ ನಕಲಿ ಏಜೆಂಟನಿಗೆ ನಿಜವಾದ ದುಡ್ಡು ಕೊಟ್ಟ ಅಮಾಯಕರೂ ಇರುತ್ತಾರೆ. ಏಜೆಂಟ್ ಆ ದುಡ್ಡು ಜೇಬಿಗೆ ಹಾಕಿ, ಕದ್ದ ಕಾರ್ಡಿನಿಂದ ಟಿಕೆಟ್ ತೆಗೆದಿರುತ್ತಾನೆ.

ಬಿಸಿಲುಕುದುರೆ
ಸರಿ, ಆದರೆ ಒಟಿಪಿ ಹಾಕಿದ ಮೇಲೂ ಕಾರ್ಡ್ ತೋರಿಸು ಅಂದರೆ ಒಟಿಪಿ ಯಾಕೆ?

ಕಡತ
ಅದು ಸರಿಯಾದ ಪ್ರಶ್ನೆ. ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ಪರದೇಶಿ
ಒಟಿಪಿ ಒಟಿಪಿ ಅಂತ ಎಲ್ಲರೂ ಭಜನೆ ಮಾಡುತ್ತಿದ್ದೀರಿ. ಹೊರದೇಶದಲ್ಲಿ ಇರುವವರ ಪಾಡು ಯಾರಿಗೂ ಗೊತ್ತಿಲ್ಲ. ಹಳೇ ಸಿಮ್ ರೋಮಿಂಗ್‌ನಲ್ಲಿ ಇಟ್ಟುಕೊಂಡು, ಕಿಟಕಿ ಪಕ್ಕ ನಿಂತು, ಆ ಆರು ಅಂಕಿಗೆ ಕಾಯಬೇಕು. ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಮತ್ತೆ ಕಳಿಸು ಅಂದರೆ ಎರಡೂ ಒಟ್ಟಿಗೆ ಬರುತ್ತವೆ, ಯಾವುದು ಹೊಸದು ಅಂತ ತಿಳಿಯಲ್ಲ. ಅಷ್ಟರಲ್ಲಿ ರೂಮಿನ ಬೆಲೆ ಏರಿರುತ್ತದೆ.

ಮಳೆಬಿಲ್ಲು
😂😂 ಎರಡೂ ಒಟ್ಟಿಗೆ ಬರುವುದು ಮಾತ್ರ ನಿಜ.

ಪುಸ್ತಕದಹುಳ
ಎಸ್ಸೆಮ್ಮೆಸ್ ಒಟಿಪಿ ಅಷ್ಟು ಗಟ್ಟಿಯೂ ಅಲ್ಲ. ನಿಮ್ಮ ಹೆಸರಲ್ಲಿ ನಕಲಿ ಸಿಮ್ ತೆಗೆದರೆ ಒಟಿಪಿ ಅವರಿಗೇ ಹೋಗುತ್ತದೆ. ಅದಕ್ಕಿಂತ ಸುಲಭ, ಫೋನ್ ಮಾಡಿ ನಿಮ್ಮಿಂದಲೇ ಕೇಳಿಬಿಡುವುದು. ಬ್ಯಾಂಕಿನ ಆ್ಯಪಿನಲ್ಲಿ "ಇಷ್ಟು ಮೊತ್ತ, ಇಂಥ ವ್ಯಾಪಾರಿಗೆ, ಒಪ್ಪುತ್ತೀರಾ" ಅಂತ ಕೇಳಿ ಬೆರಳಚ್ಚು ತೆಗೆದುಕೊಳ್ಳುವುದು ಎಷ್ಟೋ ವಾಸಿ. ರೋಮಿಂಗ್ ಬೇಡ, ವೈಫೈ ಸಾಕು.

ತಗಾದೆರಾಯ
ಎಷ್ಟು ಬೀಗ ಹಾಕಿದರೂ ಪುಟವನ್ನೇ ಕದ್ದರೆ? 2018ರಲ್ಲಿ ಬ್ರಿಟಿಷ್ ಏರ್‌ವೇಸ್‌ಗೆ ಆದದ್ದು ನೆನಪಿದೆಯಾ? ಸೈಟಿನೊಳಗೆ ಚೂರು ಕೋಡ್ ಸೇರಿಸಿ, ಜನ ಟೈಪ್ ಮಾಡುತ್ತಿದ್ದಂತೆಯೇ ವಿವರ ಬೇರೆ ಕಡೆಗೆ ಹೋಗುವ ಹಾಗೆ ಮಾಡಿದ್ದರು. 4 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಗೆ ಕನ್ನ. ಎಷ್ಟೋ ಜನರ ಸಿವಿವಿ ಕೂಡ ಹೋಯಿತು. ಇಟ್ಟುಕೊಳ್ಳಬಾರದು ಅನ್ನುವ ನಿಯಮ ಏನು ಮಾಡುತ್ತದೆ ಅಲ್ಲಿ? ಅವರು ಇಟ್ಟುಕೊಂಡಿದ್ದನ್ನು ಕದಿಯಲಿಲ್ಲ, ಕೊಡುವಾಗಲೇ ಕದ್ದರು. 2020ರ ಅಕ್ಟೋಬರ್‌ನಲ್ಲಿ 2 ಕೋಟಿ ಪೌಂಡ್ ದಂಡ ಬಿತ್ತು.

ಕಡತ
@ತಗಾದೆರಾಯ ಮೊದಲ ಬಾರಿ ನಿಮ್ಮನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ಎರಡನೇ ಹಂತದ ದೃಢೀಕರಣದ ಪರವಾಗಿ ಇರುವ ವಾದ, ವಿರುದ್ಧ ಅಲ್ಲ. ನಂಬರ್, ಎಕ್ಸ್‌ಪೈರಿ, ಸಿವಿವಿ ಮೂರೂ ಕಳುವಾದ ಮೇಲೆ ಉಳಿಯುವುದು ಅದೊಂದೇ ತಡೆ.

ರಾತ್ರಿಪಾಳಿ
ಎಲ್ಲರೂ ಓದಬೇಕಾದ ಒಂದು ವಿಷಯ ಹೇಳುತ್ತೇನೆ. ಈಗ ಹೊಸ ಮೋಸ ನಡೆಯುತ್ತಿದೆ. ನೀವು ಬುಕ್ ಮಾಡಿದ ಸೈಟಿನ *ಒಳಗಿನ* ಮೆಸೇಜ್ ಪೆಟ್ಟಿಗೆಯಲ್ಲೇ ಹೋಟೆಲಿನ ಹೆಸರಿನಿಂದ ಸಂದೇಶ ಬರುತ್ತದೆ. "ನಿಮ್ಮ ಕಾರ್ಡ್ ಪರಿಶೀಲನೆ ಆಗಿಲ್ಲ, ಇಷ್ಟು ಗಂಟೆಯೊಳಗೆ ಈ ಲಿಂಕಿನಲ್ಲಿ ಮಾಡದಿದ್ದರೆ ಬುಕಿಂಗ್ ರದ್ದು." ನಿಮ್ಮ ಹೆಸರು, ತಾರೀಕು, ರೂಮಿನ ಬೆಲೆ ಎಲ್ಲ ಸರಿಯಾಗೇ ಇರುತ್ತದೆ. ಯಾಕೆಂದರೆ ಕಳ್ಳರು ಹೋಟೆಲಿನ ಲಾಗಿನ್ ಕದ್ದು ಅದರ ಒಳಗಿನಿಂದಲೇ ಬರೆಯುತ್ತಿರುತ್ತಾರೆ. ರಿಸೆಪ್ಷನ್‌ನಲ್ಲಿ ಇರುವ ನಮಗೆ "ಗಿರಾಕಿಯ ದೂರು, ಫೋಟೋ ಲಗತ್ತಿಸಿದೆ" ಅಂತ ಮೇಲ್ ಬರುತ್ತದೆ, ತೆರೆದರೆ ಮುಗಿಯಿತು, ಪಾಸ್‌ವರ್ಡ್ ಹೋಯಿತು. ನಮ್ಮಲ್ಲೂ ಅಂಥ ಮೇಲ್ ಬಂದಿತ್ತು.

ಗಿರಾಕಿಗಳು ನಂಬುವುದು ಯಾಕೆ ಅಂದರೆ, ಬುಕ್ ಮಾಡುವಾಗ ಯಾರೂ ಏನೂ ಕೇಳಿರುವುದಿಲ್ಲವಲ್ಲ. "ಓಹೋ, ಈಗ ಕೇಳುತ್ತಿದ್ದಾರೆ" ಅಂದುಕೊಳ್ಳುತ್ತಾರೆ.

ಹಾದಿಹೋಕ
ಅಯ್ಯೋ, ನನಗೆ ಬಂದಿದ್ದರೆ ನಾನೂ ನಂಬುತ್ತಿದ್ದೆ.

ಲೆಕ್ಕಿಗ
ಅಂಥ ಸಂದೇಶ ಬಂದರೆ ಲಿಂಕ್ ಒತ್ತಬೇಡಿ. ಹೋಟೆಲಿನ ಫೋನ್ ನಂಬರನ್ನು ಬೇರೆ ಕಡೆಯಿಂದ ಹುಡುಕಿ ಕೇಳಿ. ಇನ್ನೂ ಒಂದು. ಆ ಲಿಂಕಿನಲ್ಲಿ ನೀವೇ ಒಟಿಪಿ ಹಾಕಿಬಿಟ್ಟರೆ ಆಮೇಲೆ ತಕರಾರು ಗೆಲ್ಲುವುದು ಬಹಳ ಕಷ್ಟ. ಬ್ಯಾಂಕಿನ ಲೆಕ್ಕದಲ್ಲಿ ಅದು ದೃಢೀಕರಣ ಆದ ವ್ಯವಹಾರ.

@ಹಾದಿಹೋಕ, ನಿಮ್ಮ ಆ ಕಾರ್ಡ್ ನಂಬರ್ ಕಾಗದದಲ್ಲಿ ನೋಡಿದ್ದೀರಿ ಅಂದರೆ ಸುಮ್ಮನೆ ಬದಲಿಸಿಬಿಡಿ. ದುಡ್ಡು ಕಟ್ ಆಗಬೇಕು ಅಂತಿಲ್ಲ, ನಂಬರ್ ಬೇರೆಯವರಿಗೆ ಸಿಕ್ಕಿರಬಹುದು ಅಂದರೆ ಹೊಸ ಕಾರ್ಡ್ ಕೊಡುತ್ತಾರೆ. ಅಲ್ಲಿಯವರೆಗೆ ಆ್ಯಪಿನಲ್ಲಿ ಹೊರದೇಶದ ವ್ಯವಹಾರ, ಆನ್‌ಲೈನ್ ವ್ಯವಹಾರ ಎರಡನ್ನೂ ಮುಚ್ಚಿಡಿ.

ನಂಬಿಕಸ್ಥ
ಬುಕಿಂಗ್‌ಗೆ ಅಂತಲೇ ವರ್ಚುವಲ್ ಕಾರ್ಡ್ ಮಾಡಿಕೊಂಡರೆ? ನನ್ನ ಬ್ಯಾಂಕ್ ಆ್ಯಪಿನಲ್ಲಿ ಒಂದು ಸಲಕ್ಕೆ ಮಾತ್ರ ನಡೆಯುವ ನಂಬರ್ ಕೊಡುತ್ತಾರೆ. ಮಿತಿಯನ್ನೂ ನಾವೇ ಹಾಕಬಹುದು.

ಕೀಲಿಕೈ
ದಯವಿಟ್ಟು ಬೇಡ! ಗ್ಯಾರಂಟಿಗೆ ಕೊಟ್ಟ ನಂಬರ್ ನಾನು ಚಾರ್ಜ್ ಮಾಡುವ ಹೊತ್ತಿಗೆ ಸತ್ತಿರುತ್ತದೆ. ಆಗ ಸೈಟಿನಲ್ಲಿ "ಕಾರ್ಡ್ ಅಮಾನ್ಯ" ಅಂತ ಗುರುತು ಹಾಕುತ್ತೇನೆ, ನಿಮ್ಮ ಬುಕಿಂಗ್ ರದ್ದಾಗಬಹುದು.

ಪರದೇಶಿ
ನಿಮ್ಮ ಅನುಕೂಲಕ್ಕೆ ನಾವು ಅಸಲಿ ನಂಬರ್ ಕೊಟ್ಟು ಕೂರಬೇಕಾ?

ಕೀಲಿಕೈ
@ಪರದೇಶಿ ಅನುಕೂಲ ಅಲ್ಲ ಸ್ವಾಮಿ, ಖಾಲಿ ರೂಮ್. ನನ್ನ ಕೇಳಿದರೆ ದುಡ್ಡನ್ನು ಸೈಟಿಗೇ ಮೊದಲು ಕಟ್ಟಿಬಿಡಿ. ಅವರೇ ಒಟಿಪಿ ಕೇಳಲಿ, ಅವರೇ ಹೊಣೆ ಹೊರಲಿ. ನನಗೆ ಅವರದೇ ವರ್ಚುವಲ್ ಕಾರ್ಡ್ ಬರುತ್ತದೆ, ನಿಮ್ಮ ನಂಬರ್ ನನ್ನ ಕಣ್ಣಿಗೂ ಬೀಳುವುದಿಲ್ಲ. ಕಮಿಷನ್ ಸ್ವಲ್ಪ ಜಾಸ್ತಿ ಹೋದರೂ ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಬಂದಿದ್ದೇನೆ.

ತಗಾದೆರಾಯ
ಮೊದಲೇ ಕಟ್ಟಿದ ಮೇಲೆ ಪ್ಲಾನ್ ಬದಲಾದರೆ ವಾಪಸ್ ಬರೋಕೆ ಎಷ್ಟು ವಾರ?

ಲೆಕ್ಕಿಗ
@ತಗಾದೆರಾಯ ಸೈಟ್ ರಿಫಂಡ್ ಕಳಿಸಿದ ಮೇಲೆ ಬ್ಯಾಂಕಿನಲ್ಲಿ ಕಾಣಿಸೋಕೆ ಸಾಮಾನ್ಯವಾಗಿ ಕೆಲವು ದಿನ. ಸೈಟ್ ಕಳಿಸೋಕೆ ಎಷ್ಟು ದಿನ ಅನ್ನುವುದು ಅವರವರ ಷರತ್ತು. ಬುಕ್ ಮಾಡುವ ಮೊದಲು ರದ್ದತಿಯ ಸಾಲು ಓದಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ತಕರಾರಿಗೆ ಬಂದಾಗ ನಾವು ಮೊದಲು ಕೇಳುವುದೇ ಅದನ್ನು.

ಮಳೆಬಿಲ್ಲು
ಒಂದು ಸಣ್ಣ ಸಂಶಯ. ಹೋಟೆಲಿಗೆ ಹೋದ ಮೇಲೆ ಡೆಪಾಸಿಟ್ ಅಂತ ಬೇರೆ ಕಾರ್ಡ್ ಕೇಳುತ್ತಾರಲ್ಲ, ಅದಕ್ಕೆ ಬುಕ್ ಮಾಡಿದ ಕಾರ್ಡೇ ಆಗಬೇಕಾ?

ರಾತ್ರಿಪಾಳಿ
@ಮಳೆಬಿಲ್ಲು ನಮ್ಮಲ್ಲಿ ಯಾವುದಾದರೂ ನಡೆಯುತ್ತದೆ ಮೇಡಂ, ಕಾರ್ಡ್ ಕೈಯಲ್ಲಿ ಇದ್ದು ಪಿನ್ ಒತ್ತಿದರೆ ಸಾಕು. ಕೆಲವು ಹೋಟೆಲ್‌ಗಳು ಬುಕ್ ಮಾಡಿದ್ದೇ ಬೇಕು ಅನ್ನುತ್ತವೆ, ಮೊದಲೇ ಕೇಳಿಕೊಳ್ಳಿ. ಅದು ಹೋಲ್ಡ್ ಮಾತ್ರ. ಡೆಬಿಟ್ ಕಾರ್ಡ್ ಕೊಡಬೇಡಿ. ಹೋಲ್ಡ್ ಬಿಡುವವರೆಗೆ ನಿಮ್ಮ ಖಾತೆಯ ದುಡ್ಡೇ ಸಿಕ್ಕಿಹಾಕಿಕೊಂಡಿರುತ್ತದೆ.